ಪಶುವೈದ್ಯಕೀಯ ಹಾಗೂ ಪಶುಸಂಗೋಪನಾ ಶಿಕ್ಷಣ: ಕಲಬುರಗಿ ಸೀಮೆ

ಪಶುವೈದ್ಯಕೀಯ ಹಾಗೂ ಪಶುಸಂಗೋಪನಾ ಶಿಕ್ಷಣ ಎಂದರೆ ದನ, ಎಮ್ಮೆ, ಕುರಿ, ಆಡು, ಕುದುರೆ, ಹಂದಿ, ಕೋಳಿ, ನಾಯಿ ಮೊದಲಾದ ಸಾಕುಪ್ರಾಣಿಗಳ ಪಾಲನೆ, ಮೇವು, ತಳಿ ಅಭಿವೃದ್ಧಿ, ರೋಗನಿದಾನ ಮತ್ತು ಚಿಕಿತ್ಸೆಯನ್ನು, ಅವುಗಳಿಂದ ಬರುವ ಹಾಲು, ಮಾಂಸ, ಮೊಟ್ಟೆಗಳ ಶುದ್ಧತೆಯನ್ನು ಕಾಲೇಜು ಮಟ್ಟದಲ್ಲಿ ಕಲಿಸುವ ವೃತ್ತಿಶಿಕ್ಷಣ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಲ್ಲಿ ಪಶುವೈದ್ಯಕೀಯ ಪದವಿ ಕಾಲೇಜು ಇಲ್ಲ. ಈ ಊರುಗಳ ವಿದ್ಯಾರ್ಥಿಗಳು ಬೀದರ್‌ನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜು, ಕಲಬುರಗಿ ಸಮೀಪದ ಮಹಾಗಾಂವ್ ಕ್ರಾಸ್‌ನ ಹೈನು ವಿಜ್ಞಾನ ಕಾಲೇಜು, ಯಾದಗಿರಿ ಜಿಲ್ಲೆಯ ದೋರನಹಳ್ಳಿಯ ಪಶುಸಂಗೋಪನಾ ಪಾಲಿಟೆಕ್ನಿಕ್ ಅಥವಾ ರಾಜ್ಯದ ಇತರ ಕಾಲೇಜುಗಳಿಗೆ ಹೋಗುತ್ತಾರೆ. ಕಲಿತವರ ಕೆಲಸದ ಕ್ಷೇತ್ರವಾದರೋ ಈ ಊರುಗಳ ಎರೆಹೊಲ, ತಾಂಡಾ, ಕುರಿಹಟ್ಟಿ ಮತ್ತು ಪಶು ಆಸ್ಪತ್ರೆಗಳು.

ವ್ಯಾಪ್ತಿ

ಈ ಶಿಕ್ಷಣದಲ್ಲಿ ಮೂರು ಅಂಗಗಳಿವೆ. ಮೇವು, ಕೊಟ್ಟಿಗೆ, ತಳಿ ಆಯ್ಕೆ, ಹಾಲು ಹಾಗೂ ಮಾಂಸದ ಉತ್ಪಾದನೆ ಪಶುಸಂಗೋಪನೆಗೆ ಸೇರುತ್ತವೆ. ರೋಗ ತಡೆ, ಔಷಧ, ಶಸ್ತ್ರಚಿಕಿತ್ಸೆ, ಹೆರಿಗೆ ಮತ್ತು ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳ ನಿಯಂತ್ರಣ ಪಶುವೈದ್ಯಕ್ಕೆ ಸೇರುತ್ತವೆ. ಕುದುರೆಯ ಲಕ್ಷಣ ಗುರುತಿಸುವುದು, ಪಳಗಿಸುವುದು, ಸವಾರಿ, ಲಾಯದ ನಿರ್ವಹಣೆ ಮತ್ತು ಗೊರಸಿನ ಆರೈಕೆ ಅಶ್ವವಿದ್ಯೆ. ಭಾರತದ ಪದವಿಯಲ್ಲಿ ಮೊದಲೆರಡನ್ನು ಬೇರ್ಪಡಿಸದೆ ಒಟ್ಟಿಗೆ ಕಲಿಸುತ್ತಾರೆ; ಪದವಿಯ ಹೆಸರಿನಲ್ಲಿಯೇ ಎರಡೂ ಇವೆ (ಬಿ.ವಿ.ಎಸ್ಸಿ. ಮತ್ತು ಎ.ಎಚ್., ಅಂದರೆ ಪಶುವೈದ್ಯ ವಿಜ್ಞಾನ ಮತ್ತು ಪಶುಸಂಗೋಪನೆಯ ಪದವಿ). ಅಶ್ವವಿದ್ಯೆಗೆ ಪ್ರತ್ಯೇಕ ಪದವಿಯಿಲ್ಲ. ಪಶುಸಂಗೋಪನೆ, ಔಷಧ ಮತ್ತು ಶಸ್ತ್ರಚಿಕಿತ್ಸೆಯ ವಿಷಯಗಳೊಳಗೆ ಅದರ ಪಾಠಗಳು ಹಂಚಿಹೋಗಿವೆ.

ಹಿನ್ನೆಲೆ

ಯುರೋಪಿನಲ್ಲಿ ಪಶುವೈದ್ಯ ಶಾಲೆ ಹುಟ್ಟಿದ್ದು ಕುದುರೆಯ ಬೆನ್ನ ಮೇಲೆಯೇ. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಮೊದಲ ಪಶುವೈದ್ಯ ಶಾಲೆಗೆ ಅಡಿಪಾಯ ಹಾಕಿದ ಕ್ಲೋಡ್ ಬೂರ್ಜೆಲಾ ಅದೇ ಊರಿನ ಕುದುರೆ ಸವಾರಿ ಅಕಾಡೆಮಿಯ ಮುಖ್ಯಸ್ಥನಾಗಿದ್ದ. ಭಾರತದಲ್ಲಿಯೂ ಬ್ರಿಟಿಷರ ಮೊದಲ ಪಶುವೈದ್ಯ ವ್ಯವಸ್ಥೆ ಸೈನ್ಯದ ಕುದುರೆಗಳಿಗಾಗಿ ಬೆಳೆಯಿತು. ಇಂದಿನ ಭೂಸೇನೆಯ ರಿಮೌಂಟ್ ಮತ್ತು ವೆಟರಿನರಿ ದಳ ತನ್ನ ಆರಂಭವನ್ನು 1779ಕ್ಕೆ ಎಣಿಸುತ್ತದೆ.

ಕನ್ನಡ ನಾಡಿನಲ್ಲಿ ಈ ಅರಿವು ಅದಕ್ಕಿಂತ ಬಹಳ ಹಿಂದಿನದು, ಅದರಲ್ಲಿ ಕಲಬುರಗಿ–ಬೀದರ್ ಸೀಮೆಯ ಪಾಲು ದೊಡ್ಡದು. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಆ ಬಳಿಕ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಯಿತು. ಕಲ್ಯಾಣದ ಚಾಲುಕ್ಯ ರಾಜಕುಮಾರ, ಆರನೆಯ ವಿಕ್ರಮಾದಿತ್ಯನ ಸಹೋದರ ಕೀರ್ತಿವರ್ಮ ಬರೆದ ‘ಗೋವೈದ್ಯ’ ಕನ್ನಡದಲ್ಲಿ ಪಶುವೈದ್ಯಕ್ಕೆ ಸಂಬಂಧಿಸಿದ ಮೊದಲ ಗ್ರಂಥ. ದನಗಳ ರೋಗಗಳನ್ನೂ ಮದ್ದುಗಳನ್ನೂ ಅದು ಹೇಳುತ್ತದೆ. ಅದೇ ಮನೆತನದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ತಳಿ, ಲಕ್ಷಣ, ಚಿಕಿತ್ಸೆಗಳ ಜೊತೆಗೆ ತುರಗವಾಹ್ಯಾಳಿಯ, ಎಂದರೆ ಬಯಲಿನಲ್ಲಿ ಕುದುರೆಯೇರಿ ಆಡುವ ಚೆಂಡಾಟದ, ವರ್ಣನೆಯಿದೆ. ಸುಮಾರು 1400ರಲ್ಲಿದ್ದ ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಒಡೆಯರ ಕಾಲದಲ್ಲಿ 1627ರ ಸುಮಾರಿಗೆ ಪದ್ಮಣ್ಣ ಪಂಡಿತ ಬರೆದ ‘ಹಯಸಾರ ಸಮುಚ್ಚಯ’ ಕನ್ನಡದ ಅಶ್ವಶಾಸ್ತ್ರ ಗ್ರಂಥಗಳು.

ಬಹಮನಿ ಸುಲ್ತಾನರ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದ ಅರಬ್ಬಿ ಕುದುರೆಗಳು ಈ ಸೀಮೆಗೆ ಬರುತ್ತಿದ್ದವು. ಹದಿನೈದನೆಯ ಶತಮಾನದಲ್ಲಿ ಬೀದರ್‌ಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಮಾರಾಟಕ್ಕೆ ಒಂದು ಗಂಡು ಕುದುರೆಯನ್ನು ಜೊತೆಗೇ ತಂದಿದ್ದ. ಇಂದಿನ ಆಳಂದವೆಂದು ಗುರುತಿಸಲಾಗಿರುವ ಊರಿನ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಆತ ಬರೆದಿಟ್ಟಿದ್ದಾನೆ. ಪ್ರವಾಸಿಯ ಲೆಕ್ಕ ಹಿಗ್ಗಿರಬಹುದು. ಆದರೂ ಇಂದು ತೊಗರಿ, ಜೋಳಗಳ ನಾಡಾಗಿರುವ ಈ ಜಿಲ್ಲೆ ಒಮ್ಮೆ ದಖ್ಖನಿನ ಕುದುರೆ ಪೇಟೆಗಳಲ್ಲಿ ಒಂದಾಗಿತ್ತೆಂಬುದಕ್ಕೆ ಈ ಬರಹ ನೇರ ಸಾಕ್ಷಿ.

ಆಧುನಿಕ ಕಾಲೇಜುಗಳು

ಭಾರತದಲ್ಲಿ ನಾಗರಿಕ ಪಶುವೈದ್ಯ ಕಾಲೇಜುಗಳು ಲಾಹೋರ್ (1882), ಮುಂಬಯಿ (1886), ಕಲ್ಕತ್ತ (1893) ಮತ್ತು ಮದರಾಸುಗಳಲ್ಲಿ (1903) ಶುರುವಾದವು. 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ಹಸು ಸಾಕಣೆಯ ವೈಜ್ಞಾನಿಕ ಕ್ರಮಗಳನ್ನು ನೋಡಿ ತಿಳಿದುಕೊಂಡರು. ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾದ ಇದರ ಕೇಂದ್ರ 1955ರಲ್ಲಿ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ದಕ್ಷಿಣ ಶಾಖೆ ಉಳಿಯಿತು.

ಕಲಬುರಗಿ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1946ರಲ್ಲಿ ಹೈದರಾಬಾದಿನಲ್ಲಿ ತೆರೆದ ಪಶುವೈದ್ಯ ಕಾಲೇಜೇ ಆಗ ಸೇಡಂ, ಚಿಂಚೋಳಿಗಳಿಗೆ ಹತ್ತಿರದ್ದಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷದ ಬಳಿಕ, 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಮೊದಲ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಹೈದರಾಬಾದ್ ಬೇರೆ ರಾಜ್ಯಕ್ಕೆ ಸೇರಿದ್ದರಿಂದ ಈ ಸೀಮೆಯವರು ಓದಲು ಇಡೀ ರಾಜ್ಯವನ್ನು ದಾಟಿ ಅಲ್ಲಿಗೆ ಹೋಗಬೇಕಾಯಿತು; ಈ ಸ್ಥಿತಿ ಬೀದರ್‌ನಲ್ಲಿ ಕಾಲೇಜು ಆಗುವವರೆಗೆ ಮುಂದುವರಿಯಿತು.

ಬೀದರ್‌ನ ಪಶುವೈದ್ಯಕೀಯ ಕಾಲೇಜು 1980ರ ದಶಕದಲ್ಲಿ ಆರಂಭವಾಗಿ, ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆಡಳಿತದಲ್ಲಿತ್ತು. 2004ರ ಕಾಯ್ದೆಯ ಮೂಲಕ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ರೂಪುಗೊಂಡಿತು. ಅದರ ಕೇಂದ್ರ ರಾಜಧಾನಿಯಲ್ಲಲ್ಲ, ಬೀದರ್‌ನ ನಂದಿನಗರದಲ್ಲಿದೆ. ರಾಜ್ಯದ ಎಲ್ಲ ಸರ್ಕಾರಿ ಪಶುವೈದ್ಯಕೀಯ, ಹೈನು ಮತ್ತು ಮೀನುಗಾರಿಕಾ ಕಾಲೇಜುಗಳ ಆಡಳಿತ ಈ ಗಡಿ ಜಿಲ್ಲೆಯಿಂದ ನಡೆಯುತ್ತದೆ. ಬೆಂಗಳೂರು, ಬೀದರ್‌ಗಳ ನಂತರ ಹಾಸನ, ಶಿವಮೊಗ್ಗ, ಗದಗ ಮುಂತಾದೆಡೆ ಕಾಲೇಜುಗಳು ತೆರೆದವು.

ಕೋರ್ಸುಗಳು ಮತ್ತು ಪ್ರವೇಶ

ಮುಖ್ಯ ಕೋರ್ಸು ಬಿ.ವಿ.ಎಸ್ಸಿ. ಮತ್ತು ಎ.ಎಚ್. ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ಕನಿಷ್ಠ ಗುಣಮಟ್ಟ ನಿಯಮಗಳಂತೆ ಇದರ ಅವಧಿ ಐದೂವರೆ ವರ್ಷ: ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ನೀಟ್ ಅಂಕಗಳ ಮೇಲೆ ತುಂಬುತ್ತವೆ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಆ ಕೋಟಾದವರು ಬೀಜ, ಮೇವು, ಸಲಕರಣೆ ಮುಂತಾದವನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು.

ಈ ಸೀಮೆಯ ವಿದ್ಯಾರ್ಥಿಗಳ ಮಟ್ಟಿಗೆ ಪ್ರವೇಶದಲ್ಲಿ ಆದ ದೊಡ್ಡ ಬದಲಾವಣೆ ಸಂವಿಧಾನದ 371 (ಜೆ) ವಿಧಿ. 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯಡಿ 2013ರಿಂದ ಕಲಬುರಗಿ, ಬೀದರ್, ಯಾದಗಿರಿಗಳೂ ಸೇರಿದ ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸ್ಥಾನಗಳು ಸ್ಥಳೀಯರಿಗೆ ಮೀಸಲು. ಸೇಡಂ ಅಥವಾ ಚಿತ್ತಾಪುರದ ವಿದ್ಯಾರ್ಥಿ ಅರ್ಜಿಯ ಜೊತೆಗೆ ತಹಶೀಲ್ದಾರ್ ಕಚೇರಿಯ ಮೂಲಕ ಪಡೆದ ಅರ್ಹತಾ ಪ್ರಮಾಣಪತ್ರವನ್ನು ಲಗತ್ತಿಸಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಪಾಲಿಟೆಕ್ನಿಕ್ ಈ ಭಾಗದ್ದು. ಮಹಾಗಾಂವ್ ಕ್ರಾಸ್‌ನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಟೆಕ್ (ಹೈನು ತಂತ್ರಜ್ಞಾನ) ಇದೆ. ಹಾಲಿನ ಸಂಸ್ಕರಣೆ, ಯಂತ್ರ ಮತ್ತು ಗುಣಮಟ್ಟ ಅಲ್ಲಿಯ ವಿಷಯ, ರೋಗಚಿಕಿತ್ಸೆ ಅಲ್ಲ. ಪದವಿಯ ನಂತರ ಎರಡು ವರ್ಷದ ಎಂ.ವಿ.ಎಸ್ಸಿ., ಆಮೇಲೆ ಪಿಎಚ್.ಡಿ.

ಪಠ್ಯಕ್ರಮ

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮತ್ತು ಜಾನುವಾರು ಪಾಲನೆ. ಅಂಗರಚನೆಯಲ್ಲಿ ದನವನ್ನು ಮಾದರಿಯಾಗಿಟ್ಟು ಉಳಿದ ಪ್ರಾಣಿಗಳನ್ನು ಅದರೊಡನೆ ಹೋಲಿಸುತ್ತಾರೆ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ, ಕುದುರೆಗೆ ಒಂದೇ ಸಣ್ಣ ಜಠರ ಮತ್ತು ದೊಡ್ಡ ಕರುಳು; ಹಸುವಿಗೆ ಪಿತ್ತಕೋಶವಿದೆ, ಕುದುರೆಗೆ ಇಲ್ಲ. ಮುಂದಿನ ವರ್ಷಗಳಲ್ಲಿ ರೋಗಾಣುಶಾಸ್ತ್ರ, ಪರೋಪಜೀವಿಶಾಸ್ತ್ರ, ರೋಗಲಕ್ಷಣಶಾಸ್ತ್ರ, ತಳಿಶಾಸ್ತ್ರ, ಪಶು ಆಹಾರ, ಔಷಧಶಾಸ್ತ್ರ, ಸಾರ್ವಜನಿಕ ಆರೋಗ್ಯ ಬರುತ್ತವೆ. ಒಂದೂವರೆ ವರ್ಷದ ಕೊನೆಯ ಘಟ್ಟದಲ್ಲಿ ಔಷಧ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮತ್ತು ಗರ್ಭ–ಪ್ರಸೂತಿಶಾಸ್ತ್ರಗಳಿಗೆ ಹೆಚ್ಚು ಸಮಯ. ಪ್ರತಿ ಕಾಲೇಜಿಗೂ ಬೋಧನಾ ಆಸ್ಪತ್ರೆ ಮತ್ತು ಜಾನುವಾರು ಫಾರಂ ಕಡ್ಡಾಯ.

ಪಶು ಉತ್ಪಾದನೆ

ಜಾನುವಾರಿನ ವಯಸ್ಸು ಹೇಳುವುದು ಮೊದಲ ಪ್ರಾಯೋಗಿಕ ಪಾಠಗಳಲ್ಲೊಂದು. ದನಕ್ಕೆ ಮೇಲ್ದವಡೆಯಲ್ಲಿ ಮುಂಬಾಚಿ ಹಲ್ಲುಗಳಿಲ್ಲ, ಕೆಳಗೆ ಎಂಟು. ಸುಮಾರು ಎರಡು ವರ್ಷಕ್ಕೆ ನಡುವಿನ ಹಾಲುಹಲ್ಲಿನ ಜೋಡಿ ಬಿದ್ದು ಶಾಶ್ವತ ಹಲ್ಲು ಬರುತ್ತವೆ. ಆಮೇಲೆ ಒಂದೊಂದೇ ಜೋಡಿಯಾಗಿ ನಾಲ್ಕು, ಆರು, ಎಂಟು. ನಾಲ್ಕರಿಂದ ನಾಲ್ಕೂವರೆ ವರ್ಷಕ್ಕೆ ಎಂಟೂ ಬಂದ ಎತ್ತನ್ನು ದನದ ಪೇಟೆಯಲ್ಲಿ ಬಾಯಿಗೂಡಿದ ಎತ್ತು ಎನ್ನುತ್ತಾರೆ. ರೈತರು ತಲೆಮಾರುಗಳಿಂದ ಮಾಡುತ್ತಿರುವ ಇದೇ ಪರೀಕ್ಷೆ ಕಾಲೇಜಿನಲ್ಲಿ ವಿಮೆ ಮತ್ತು ವೈದ್ಯಕೀಯ ಪ್ರಮಾಣಪತ್ರದ ಅಳತೆಗೋಲು.

ಈ ಸೀಮೆಯ ಸ್ವಂತ ದನದ ತಳಿ ದೇವಣಿ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ದೇವಣಿ ಇದರ ಹೆಸರಿನ ಮೂಲ. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳು ಇದರ ನೆಲೆಯೊಳಗೆ ಬರುತ್ತವೆ. ಗೀರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ರೂಪುಗೊಂಡ ಇದು ಹಾಲಿಗೂ ಉಳುಮೆಗೂ ಆಗುವ ತಳಿ. ಮೈ ಬಿಳಿದಾಗಿ ಮುಖ ಕರಿದಾದದ್ದು ವನ್ನೇರಾ, ಬಿಳಿಯದು ಬಾಳಂಕ್ಯಾ, ಮೈಮೇಲೆ ಕಪ್ಪು ಮಚ್ಚೆಗಳಿರುವುದು ಶೆವೇರಾ. ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಬಳಿ ವಿಶ್ವವಿದ್ಯಾಲಯದ ದೇವಣಿ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಕುರಿಗಳಲ್ಲಿ ದಖ್ಖನಿ, ಆಡುಗಳಲ್ಲಿ ಉಸ್ಮಾನಾಬಾದಿ ಮತ್ತು ಬೀದ್ರಿ ಇಲ್ಲಿನ ಮುಖ್ಯ ತಳಿಗಳು.

ಮೇವಿನ ಪಾಠವೂ ಇಲ್ಲಿನ ಬೆಳೆಯೊಡನೆ ಹೆಣೆದುಕೊಂಡಿದೆ. ಎರೆ ಭೂಮಿಯ ಹಿಂಗಾರಿ ಜೋಳದ ಕಣಕಿ ಒಣಮೇವಿನ ಆಧಾರ. ತೊಗರಿ ರಾಶಿಯ ನಂತರ ಉಳಿಯುವ ಹೊಟ್ಟು ಕುರಿ, ಆಡು, ದನಗಳಿಗೆ ಪ್ರೋಟೀನು ಕೊಡುತ್ತದೆ. ಕಣಕಿಯಲ್ಲಿ ನಾರು ಹೆಚ್ಚು, ಪ್ರೋಟೀನು ಕಡಿಮೆ. ಆದ್ದರಿಂದ ಅದನ್ನು ಕತ್ತರಿಸಿ ಕೊಡುವುದು, ಯೂರಿಯಾ ದ್ರಾವಣದಿಂದ ಉಪಚರಿಸುವುದು, ಖನಿಜ ಮಿಶ್ರಣ ಸೇರಿಸುವುದು ಪ್ರಾಯೋಗಿಕ ಪಾಠಗಳು. 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯಲ್ಲಿ ಎಮ್ಮೆಗೆ ಬಿಸಿಲಿನ ಬಾಧೆ ಹೆಚ್ಚು, ಏಕೆಂದರೆ ಅದರ ಕಪ್ಪು ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ನೆರಳು ಮತ್ತು ನೀರೆರಚುವಿಕೆ ಹಾಲಿನ ಇಳುವರಿಯ ಲೆಕ್ಕಕ್ಕೇ ಸೇರುತ್ತವೆ.

ಕೃತಕ ಗರ್ಭಧಾರಣೆ ಕೈಕೆಲಸದ ಪಾಠ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಲ್ಲಿಟ್ಟ ವೀರ್ಯದ ನಳಿಕೆಯನ್ನು ಚಿಮಟದಿಂದ ತೆಗೆದು, 37 ಡಿಗ್ರಿ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಇಟ್ಟು, ಒರೆಸಿ, ತುದಿ ಕತ್ತರಿಸಿ ಗನ್ನಿಗೆ ಏರಿಸುತ್ತಾರೆ. ಒಂದು ಕೈ ಗುದದ್ವಾರದ ಮೂಲಕ ಗರ್ಭಕೊರಳನ್ನು ಹಿಡಿದಿರುತ್ತದೆ, ಇನ್ನೊಂದು ಕೈ ಗನ್ನನ್ನು ಅದರೊಳಗೆ ದಾಟಿಸುತ್ತದೆ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ, ಸಂಜೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ ಕೊಡಿಸುವುದು ನಿಯಮ. ಎಮ್ಮೆಯಲ್ಲಿ ಮೂಕ ಬೆದೆ ಸಾಮಾನ್ಯ, ಅದನ್ನು ಕಂಡುಹಿಡಿಯುವುದೇ ಕಷ್ಟ. ಎರಡು ತಿಂಗಳಾದ ಮೇಲೆ ಭುಜದವರೆಗಿನ ಕೈಗವಸು ಹಾಕಿ ಗರ್ಭಕೋಶದ ಕೊಂಬುಗಳನ್ನು ತಡವಿ ಗಬ್ಬವನ್ನು ಖಚಿತಪಡಿಸುತ್ತಾರೆ.

ಪಶು ಆರೋಗ್ಯ

ಕಾಲುಬಾಯಿ ರೋಗ, ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗ (ಆಂಥ್ರಾಕ್ಸ್), ಕುರಿ–ಆಡುಗಳ ಪಿಪಿಆರ್, ಕರುಳುಬೇನೆ ಮತ್ತು ನೀಲಿ ನಾಲಿಗೆ ರೋಗ, ಕೆಚ್ಚಲು ಬಾವು, ಕಂದು ರೋಗ (ಬ್ರುಸೆಲ್ಲೋಸಿಸ್), ಉಣುಗಿನಿಂದ ಹರಡುವ ಜ್ವರಗಳು ಈ ಪ್ರದೇಶದಲ್ಲಿ ಕೆಲಸ ಮಾಡುವ ವೈದ್ಯ ಅರಿತಿರಬೇಕಾದ ರೋಗಗಳು. ಗಳಲೆ ಮತ್ತು ಚಪ್ಪೆ ರೋಗದ ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕುತ್ತಾರೆ. ಚಪ್ಪೆ ರೋಗ ಎಳೆಯ, ಮೈತುಂಬಿದ ಕರುಗಳನ್ನೇ ಹೆಚ್ಚು ಹಿಡಿಯುತ್ತದೆ. ತೊಡೆ ಅಥವಾ ಭುಜದ ಮಾಂಸಖಂಡ ಊದಿ, ಒಳಗೆ ಗಾಳಿ ತುಂಬಿ, ಬೆರಳಿಂದ ಒತ್ತಿದರೆ ಚರಚರ ಸದ್ದಾಗುತ್ತದೆ.

ನೆರಡಿ ರೋಗದ ಪಾಠದಲ್ಲಿ ಏನು ಮಾಡಬಾರದು ಎಂಬುದೇ ಮುಖ್ಯ. ಹಠಾತ್ತನೆ ಸತ್ತು, ಮೂಗು, ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಸಿದ ಪ್ರಾಣಿಯನ್ನು ಕೊಯ್ಯಬಾರದು. ಗಾಳಿ ತಗುಲಿದರೆ ರೋಗಾಣು ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಖಚಿತವಾದರೆ ಸುಣ್ಣ ಹಾಕಿ ಆಳವಾಗಿ ಹೂಳುತ್ತಾರೆ ಅಥವಾ ಸುಡುತ್ತಾರೆ. ಚರ್ಮ ಸುಲಿಯುವವರಿಗೂ ಮಾಂಸ ತಿನ್ನುವವರಿಗೂ ರೋಗ ತಗಲುವುದರಿಂದ ಇದು ಸಾರ್ವಜನಿಕ ಆರೋಗ್ಯದ ಪಾಠವೂ ಹೌದು.

ಜೋಳ ಬೆಳೆಯುವ ತಾಲ್ಲೂಕುಗಳ ವಿಶಿಷ್ಟ ಅಪಾಯ ಎಳೆ ಜೋಳದ ವಿಷ. ಎಳೆಯ ಪೈರಿನಲ್ಲೂ, ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲೂ, ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲೂ ಸಯನೈಡ್ ಬಿಡುವ ಪದಾರ್ಥ ಹೆಚ್ಚಿರುತ್ತದೆ. ಮೇಯ್ದ ದನ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಟ್ಟು, ತೂರಾಡಿ ಬೀಳಬಹುದು. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು, ಆದ್ದರಿಂದ ರಕ್ತ ಕಡುಗೆಂಪಾಗಿ ಕಾಣುತ್ತದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟನ್ನು ರಕ್ತನಾಳಕ್ಕೆ ಕೊಡುವುದು ಚಿಕಿತ್ಸೆ, ತಡವಾದರೆ ಫಲವಿಲ್ಲ. ಬಲಿತು ಒಣಗಿದ ಕಣಕಿಯಲ್ಲಿ ಈ ಅಪಾಯ ಬಹಳ ಕಡಿಮೆ.

ಪಟ್ಟಣದ ಬೀದಿ ದನಗಳಲ್ಲಿ ಪ್ಲಾಸ್ಟಿಕ್, ತಂತಿ, ಮೊಳೆ ನುಂಗಿದ ಪ್ರಕರಣಗಳು ಶಸ್ತ್ರಚಿಕಿತ್ಸೆಗೆ ಬರುತ್ತವೆ. ಎಡ ಪಕ್ಕೆಯಲ್ಲಿ ಕೊಯ್ದು ಹೊಟ್ಟೆಯ ಮೊದಲ ಕೋಣೆಯನ್ನು ತೆರೆದು ಖಾಲಿ ಮಾಡುವುದನ್ನು ವಿದ್ಯಾರ್ಥಿಗಳು ಬೋಧನಾ ಆಸ್ಪತ್ರೆಯಲ್ಲಿ ನೋಡಿ ಕಲಿಯುತ್ತಾರೆ.

ಸಾಮೂಹಿಕ ಲಸಿಕೆಯ ಬಲಕ್ಕೆ ದೊಡ್ಡ ಉದಾಹರಣೆ ‘ದೊಡ್ಡ ರೋಗ’ (ರಿಂಡರ್‌ಪೆಸ್ಟ್). ಇದನ್ನು ಭಾರತದಿಂದ, 2011ರಲ್ಲಿ ಇಡೀ ಜಗತ್ತಿನಿಂದ ತೊಲಗಿಸಲಾಯಿತು. ಇದೇ ದಾರಿಯಲ್ಲಿ 2019ರಿಂದ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಕಂದು ರೋಗಗಳ ನಿಯಂತ್ರಣ ಕಾರ್ಯಕ್ರಮ ನಡೆಸುತ್ತಿದೆ. ಕಾಲುಬಾಯಿಗೆ ಆರು ತಿಂಗಳಿಗೊಮ್ಮೆ ಲಸಿಕೆ. ಕಂದು ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿತು.

ಅಶ್ವವಿದ್ಯೆ

ಈ ಸೀಮೆಯಲ್ಲಿ ಇಂದು ಕುದುರೆಗಳು ವಿರಳ. ಟಾಂಗಾಗಳು ಬಹುಮಟ್ಟಿಗೆ ಮರೆಯಾಗಿವೆ. ಮದುವೆಯ ಮೆರವಣಿಗೆಗಳಲ್ಲಿ, ಹಟ್ಟಿ ಸಾಗಿಸುವ ಅಲೆಮಾರಿ ಕುರಿಗಾರರ ಬಳಿ ತಟ್ಟುಗಳು ಕಾಣಸಿಗುತ್ತವೆ. ಭೀಮಾ ನದಿಯ ಮೇಲ್ಕಣಿವೆಯ ಭೀಮಥಡಿ ತಟ್ಟು ಮರಾಠ ಅಶ್ವಪಡೆಯ ಹೆಸರಾಂತ ಕುದುರೆ. ಅದನ್ನು ಇತ್ತೀಚೆಗೆ ಸ್ವತಂತ್ರ ತಳಿಯಾಗಿ ಗುರುತಿಸಲಾಗಿದೆ. ಹೀಗೆ ಕುದುರೆ ಕಡಿಮೆಯಾದರೂ ಪಶುವೈದ್ಯ ಪದವೀಧರನಿಗೆ ಅದರ ಜ್ಞಾನ ಕಡ್ಡಾಯ, ಪರೀಕ್ಷೆಯಲ್ಲೂ ಅದು ಬರುತ್ತದೆ.

ಕುದುರೆಯ ಬಳಿಗೆ ಮಾತಾಡಿಸುತ್ತ ಎಡ ಭುಜದ ಕಡೆಯಿಂದ ಹೋಗಬೇಕು. ನೇರ ಹಿಂದಿನಿಂದ ಹೋಗಬಾರದು. ಗೊರಸು ಎತ್ತಿಸಲು ಭುಜದಿಂದ ಕೈಯನ್ನು ಸರಿಸುತ್ತ ಕೆಳಗಿಳಿಸಿ, ಹಿಂಭಾಗದ ಸ್ನಾಯುರಜ್ಜುವನ್ನು ಮೆಲ್ಲನೆ ಅಮುಕಿದರೆ ಕುದುರೆ ಕಾಲು ಕೊಡುತ್ತದೆ. ತಳದಲ್ಲಿ ಸಿಕ್ಕಿದ ಮಣ್ಣು, ಕಲ್ಲುಗಳನ್ನು ಹಿಮ್ಮಡಿಯಿಂದ ಮುಂದಕ್ಕೆ ಕೆರೆದು ತೆಗೆಯಬೇಕು, ನಡುವಿನ ಮೆತ್ತನೆಯ ತ್ರಿಕೋನಕ್ಕೆ ಗಾಯವಾಗಬಾರದು. ಆಮೇಲೆ ಲಗಾಮು, ಜೀನು, ರಿಕಾಪುಗಳನ್ನು ಅಣಿಗೊಳಿಸುವುದು. ಉದ್ದ ಹಗ್ಗದಲ್ಲಿ ಸುತ್ತಿಸಿ ಪಳಗಿಸುವುದು, ಎಡಗಡೆಯಿಂದ ಏರುವುದು, ನಾಲ್ಕು ಬಡಿತದ ನಡಿಗೆ, ಎರಡು ಬಡಿತದ ದುಲ್ಕಿ, ಮೂರು ಬಡಿತದ ಕ್ಯಾಂಟರ್ ಮತ್ತು ನಾಗಾಲೋಟಗಳನ್ನು ಗುರುತಿಸುವುದು ಅನುಕ್ರಮವಾಗಿ ಬರುತ್ತವೆ.

ನಡೆಯ ಈ ಅರಿವು ರೋಗನಿದಾನಕ್ಕೂ ಬೇಕು. ಕುಂಟುವ ಕುದುರೆಯನ್ನು ಗಟ್ಟಿ ನೆಲದ ಮೇಲೆ ದುಲ್ಕಿಯಲ್ಲಿ ಓಡಿಸುತ್ತಾರೆ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಅದು ತಲೆ ಎತ್ತುತ್ತದೆ, ಒಳ್ಳೆಯ ಕಾಲು ತಾಗಿದಾಗ ತಲೆ ತಗ್ಗಿಸುತ್ತದೆ. ಸವಾರಿ ಬಲ್ಲವನ ಕಣ್ಣಿಗೆ ಇದು ಬೇಗ ಬೀಳುತ್ತದೆ. ಹೊಟ್ಟೆನೋವು ಕುದುರೆಗೆ ಮಾರಕವಾಗಬಲ್ಲದು. ಅದಕ್ಕೆ ವಾಂತಿ ಮಾಡಲಾಗದು, ಆದ್ದರಿಂದ ಮೂಗಿನ ಮೂಲಕ ನಳಿಕೆ ಹಾಕಿ ಜಠರದ ಒತ್ತಡ ಇಳಿಸುವುದನ್ನು ಕಲಿಸುತ್ತಾರೆ. ಧನುರ್ವಾಯು, ತೊಣಚಿಗಳಿಂದ ಹರಡುವ ಸರ್ರಾ ಹಾಗೂ ಮನುಷ್ಯರಿಗೂ ತಗಲುವ ಗ್ಲಾಂಡರ್ಸ್ ಮುಖ್ಯ ರೋಗಗಳು. ಗ್ಲಾಂಡರ್ಸ್ ಕಂಡರೆ 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು. ಮಾದರಿಗಳು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತವೆ.

ನಿಯಮಿತ ಸವಾರಿಗೆ ವಿದ್ಯಾರ್ಥಿಗಳಿಗಿರುವ ಮುಖ್ಯ ದಾರಿ ಎನ್‌ಸಿಸಿಯ ರಿಮೌಂಟ್ ಮತ್ತು ವೆಟರಿನರಿ ಘಟಕ; ಹೆಬ್ಬಾಳದಲ್ಲಿ ಇಂಥ ಘಟಕವಿದೆ. ಹೆಚ್ಚಿನ ಅನುಭವಕ್ಕೆ ಬೆಂಗಳೂರು, ಮೈಸೂರುಗಳ ರೇಸ್ ಕ್ಲಬ್‌ಗಳು, ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆ, ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ಇವೆ. ಎಲ್ಲವೂ ದಕ್ಷಿಣ ಕರ್ನಾಟಕದವು. ಅಶ್ವವಿದ್ಯೆಯ ಇತಿಹಾಸದಲ್ಲಿ ಇಷ್ಟು ದೊಡ್ಡ ಪಾಲುಳ್ಳ ಕಲ್ಯಾಣ, ಬೀದರ್, ಆಳಂದಗಳ ಸೀಮೆಯಲ್ಲಿ ಇಂದು ಕುದುರೆ ಚಿಕಿತ್ಸೆಯ ಅಭ್ಯಾಸಕ್ಕೆ ಅವಕಾಶ ಕಡಿಮೆ. ಈ ಶಿಕ್ಷಣದ ಎದ್ದುಕಾಣುವ ಕೊರತೆ ಇದು.

ಉದ್ಯೋಗ

ಪದವೀಧರರು ರಾಜ್ಯ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲೆಯೇ ವೃತ್ತಿ ನಡೆಸಬಹುದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ನಿಯಮವಿದು. ಹೆಚ್ಚಿನವರ ಗುರಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಪಶುವೈದ್ಯಾಧಿಕಾರಿ ಹುದ್ದೆ. ಕಲಬುರಗಿ–ಬೀದರ್–ಯಾದಗಿರಿ ಹಾಲು ಒಕ್ಕೂಟ, ಕೋಳಿ ಉದ್ಯಮ, ವಿಮಾ ಕಂಪನಿ, ಬ್ಯಾಂಕು, ಔಷಧ ಕಂಪನಿ, ಮೃಗಾಲಯ, ಭೂಸೇನೆ ಇತರ ದಾರಿಗಳು. ಡಿಪ್ಲೊಮಾ ಪಡೆದವರು ಪಶುವೈದ್ಯಕೀಯ ಪರೀಕ್ಷಕರಾಗಿ ಪ್ರಥಮ ಚಿಕಿತ್ಸೆ, ಲಸಿಕೆ, ಗರ್ಭಧಾರಣೆಯಂಥ ಸಣ್ಣ ಸೇವೆಗಳನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಕುರಿ, ಆಡು ಸತ್ತಾಗ ಕುರಿಗಾರರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಗೆ ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ಚಿಂಚೋಳಿ, ಸೇಡಂ ಕಡೆಯ ಹಟ್ಟಿಗಳಿಗೆ ಇದು ದೊಡ್ಡ ಆಸರೆ.

ಸದ್ಯದ ಸ್ಥಿತಿ

ಐದೂ ಊರುಗಳ ಬೇಡಿಕೆ ಒಂದೇ ಬಗೆಯದಲ್ಲ. ಸೇಡಂ ಮತ್ತು ಚಿತ್ತಾಪುರದ ಹಳ್ಳಿಗಳಲ್ಲಿ ಉಳುಮೆಯ ಎತ್ತು, ಎಮ್ಮೆ, ಕುರಿಗಳಿವೆ. ಸಿಮೆಂಟಿನ ವಾಡಿ, ಹಾಸುಗಲ್ಲಿನ ಶಹಾಬಾದ್ ಕಾರ್ಮಿಕ ಪಟ್ಟಣಗಳು. ಅಲ್ಲಿ ಹಾಲು, ಕೋಳಿ, ಮಾಂಸಕ್ಕೆ ಬೇಡಿಕೆಯಿದೆ, ಸಾಕುನಾಯಿಗಳಿಗೂ ಚಿಕಿತ್ಸೆ ಬೇಕು. ಚಿಂಚೋಳಿಯಲ್ಲಿ ಲಂಬಾಣಿ ತಾಂಡಾಗಳ ದನ–ಆಡುಗಳು 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮದ ಅಂಚಿನಲ್ಲಿ ಮೇಯುತ್ತವೆ, ಆದ್ದರಿಂದ ಕಾಡುಪ್ರಾಣಿ ಮತ್ತು ಸಾಕುಪ್ರಾಣಿಗಳ ನಡುವೆ ದಾಟುವ ರೋಗಗಳ ನಿಗಾ ಅಲ್ಲಿ ಮುಖ್ಯ.

1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು ದೂರದ ಹಳ್ಳಿಗಳಿಗೆ ವೈದ್ಯರನ್ನು ಒಯ್ಯುತ್ತಿವೆ. ಇವುಗಳಲ್ಲಿ ಹೊಸ ಪದವೀಧರರಿಗೂ ಕೆಲಸ ಸಿಗುತ್ತಿದೆ. ಇಂಟರ್ನ್‌ಶಿಪ್ ವರ್ಷದಲ್ಲಿ ವಿದ್ಯಾರ್ಥಿಗಳು ಬೋಧನಾ ಆಸ್ಪತ್ರೆ, ಜಾನುವಾರು ಫಾರಂ ಮತ್ತು ಇಲಾಖೆಯ ಆಸ್ಪತ್ರೆಗಳಲ್ಲಿ ಸರದಿಯಂತೆ ದುಡಿಯುತ್ತಾರೆ. ಬೋಧನೆ ಹಾಗೂ ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿವೆ; ರೋಗಿಯ ಒಡೆಯ ಮಾತಾಡುವುದು ಕನ್ನಡ, ಉರ್ದು, ಲಂಬಾಣಿ, ಮರಾಠಿ ಅಥವಾ ಗಡಿಯ ಹಳ್ಳಿಗಳಲ್ಲಿ ತೆಲುಗು. ಹಸು ಎಂದಿನಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿದೆಯೇ, ಸೆಗಣಿ ಹೇಗಿದೆ, ಯಾವ ಹೊಲದಲ್ಲಿ ಮೇಯ್ದಿತ್ತು ಎಂದು ಕೇಳಿ ರೋಗದ ಪೂರ್ವವೃತ್ತಾಂತ ದಾಖಲಿಸುವುದು ಇಂಟರ್ನ್‌ಶಿಪ್ ವಿದ್ಯಾರ್ಥಿಯ ದಿನದ ಮೊದಲ ಕೆಲಸ.